ಒಂದು ಸುತ್ತಿಗೆ ಒಂದು ಪುಟ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಭಾಗದಲ್ಲಿ ಬಟ್ಟೆ ಒಗೆಯುವ ಕೋಣೆಯನ್ನು ದಾಟಿ ಎಡಕ್ಕೆ ತಿರುಗಿದರೆ ಕೊನೆಯಲ್ಲೊಂದು ಬಾಗಿಲು. ಒಳಗೆ ಆಳೆತ್ತರದ ಉಕ್ಕಿನ ಯಂತ್ರವೊಂದು ಬುಸುಗುಡುತ್ತಿದೆ. ಅದರೆದುರು ನೀಲಿ ಗೌನು ತೊಟ್ಟು, ತಲೆಗೆ ಬಟ್ಟೆಯ ಟೋಪಿ ಹಾಕಿಕೊಂಡ ಹೆಂಗಸೊಬ್ಬರು ಸೊಂಟದ ಮೇಲೆ ಕೈಯಿಟ್ಟು ನಿಂತು ಮೀಟರಿನ ಮುಳ್ಳನ್ನೇ ನೋಡುತ್ತಿದ್ದಾರೆ. ಮುಳ್ಳು ಏರುತ್ತಾ ಏರುತ್ತಾ ನೂರಾ ಇಪ್ಪತ್ತೊಂದು ಡಿಗ್ರಿಗೆ ಬಂದು ನಿಲ್ಲುತ್ತದೆ. ಅವರು ಟೈಮರನ್ನು ಮೂವತ್ತು ನಿಮಿಷಕ್ಕೆ ತಿರುಗಿಸಿ, ರಿಜಿಸ್ಟರಿನಲ್ಲಿ ಸಮಯ ಬರೆದು, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಚೀಲದಿಂದ ದಪ್ಪನೆಯ ಪುಸ್ತಕವೊಂದನ್ನು ತೆಗೆದು ನಿಂತಲ್ಲೇ ಓದತೊಡಗುತ್ತಾರೆ.

ನಾನು ಬಂದದ್ದು ಅವರಿಗೆ ಗೊತ್ತಾಗಿದೆ. ಒಂದು ಬೆರಳೆತ್ತಿ ‘ತಾಳಿ’ ಎಂದು ಸನ್ನೆ ಮಾಡುತ್ತಾರೆ. ಒಂದು ಪ್ಯಾರಾ ಓದಿ ಮುಳ್ಳಿನತ್ತ ಕಣ್ಣು ಹಾಯಿಸುತ್ತಾರೆ. ಮತ್ತೊಂದು ಪ್ಯಾರಾ ಓದಿ ಯಂತ್ರದ ಬಳಿ ಹೋಗಿ, ಬಾಗಿಲಿನ ಸುತ್ತ ಬಿಗಿದಿರುವ ರಬ್ಬರಿನ ಪಟ್ಟಿಯ ಅಂಚನ್ನು ಕೈಗವಸು ಹಾಕಿದ ಬೆರಳಿನಿಂದ ತೋರಿಸಿಕೊಂಡು ತಮ್ಮಷ್ಟಕ್ಕೆ ತಾವೇ ಏನೋ ಗೊಣಗುತ್ತಾರೆ. ಸರಿಯಾಗಿ ಹತ್ತು ನಿಮಿಷಕ್ಕೆ ಪುಸ್ತಕ ಮುಚ್ಚಿ ಚೀಲಕ್ಕೆ ಸೇರಿಸಿ, "ಈಗ ಹೇಳಿ ಮೇಡಂ" ಎನ್ನುತ್ತಾರೆ. ಹೇಳಿ ಎಂದರೂ ಕೈ ಬಿಡುವಾಗಿಲ್ಲ, ಆಗಲೇ ಬಟ್ಟೆ ಮಡಚಲು ಶುರುಮಾಡಿಯಾಗಿದೆ.

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ‘ಕುಕ್ಕರಕ್ಕ’ ಎಂದು. ಆಪರೇಷನ್ ಕೋಣೆಯ ಕತ್ತರಿ, ಚಿಮಟ, ಗೌನು, ಹೊದಿಕೆ ಎಲ್ಲವೂ ರೋಗಿಯ ಮೈ ಮುಟ್ಟುವ ಮೊದಲು ಇವರ ಕೈದಾಟಿ, ಈ ಯಂತ್ರದ ಉಗಿಯಲ್ಲಿ ಬೆಂದು ಹೋಗಬೇಕು. ಸಾಮಾನುಗಳನ್ನು ಎರಡು ಪದರ ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟುವ ಕೆಲಸ ಜೊತೆಗಾರ ‘ಗಂಟಣ್ಣ’ನದು. ಅವರಿಗೂ ಇವರಿಗೂ ಸೇರಿ ದಿನಕ್ಕೆ ಆರು ಸುತ್ತು, ಸುತ್ತಿಗೆ ಹನ್ನೆರಡು ಗಂಟು. ಕುಕ್ಕರಕ್ಕನಿಗೆ ನಲವತ್ತೇಳು ವರ್ಷ. ಓದಿದ್ದು ಏಳನೇ ತರಗತಿ. ಈ ಕೋಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಆಪರೇಷನ್ ಮಾಡಿಸಿಕೊಂಡು ಮನೆಗೆ ಹೋದವರಲ್ಲಿ ಒಬ್ಬರಿಗೂ ಇಂಥ ಕೋಣೆಯೊಂದಿದೆ ಎಂದು ಗೊತ್ತಿರಲಾರದು. ಚಿಕ್ಕಮ್ಮನ ಜೊತೆ ಇದೇ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದ ನನಗೂ ಗೊತ್ತಿರಲಿಲ್ಲ.

ಹೇಳಿದವರು ಇಲ್ಲಿನ ದೊಡ್ಡ ಸಿಸ್ಟರ್, ಅಂದರೆ ನರ್ಸುಗಳ ಮುಖ್ಯಸ್ಥೆ. ಚಿಕ್ಕಮ್ಮನ ಹಾಸಿಗೆಯ ಪಕ್ಕ ನಾನು ‘ಸಮಯ ಉಳಿಸುವುದು ಹೇಗೆ’ ಎಂಬಂಥ ಪುಸ್ತಕವೊಂದನ್ನು ತೆರೆದಿಟ್ಟು ಫೋನ್ ನೋಡುತ್ತಾ ಕೂತಿದ್ದೆ. ಆ ಮಹಾತಾಯಿ ಪುಸ್ತಕವನ್ನೂ ನನ್ನನ್ನೂ ನೋಡಿ ನಕ್ಕು, "ಇದನ್ನ ಕಲೀಬೇಕಂದ್ರೆ ನೀವು ಕೆಳಗೆ ಹೋಗಿ ನಮ್ಮ ಕುಕ್ಕರಕ್ಕನ್ನ ನೋಡ್ಬೇಕು" ಅಂದರು. ನಮ್ಮ ಮನೆಯಲ್ಲಿ ಇಂಥ ಪುಸ್ತಕಗಳು ಐದಿವೆ. ಐದರಲ್ಲೂ ಮೂರನೇ ಅಧ್ಯಾಯದ ಆಚೆ ಪುಟಗಳು ಇನ್ನೂ ಹೊಸ ವಾಸನೆ ಬೀರುತ್ತಿವೆ. ಹೀಗಾಗಿ, ಪತ್ರಿಕೆಗೆ ಬರೆಯುವವಳಾದ ನಾನು ಕುತೂಹಲ ತಡೆಯಲಾಗದೆ, ಎದ್ದು ಅಭ್ಯಾಸವಿಲ್ಲದ ಹೊತ್ತಿಗೆ ಎದ್ದು ಇಲ್ಲಿಗೆ ಬಂದಿದ್ದೇನೆ.

ಕುಕ್ಕರಕ್ಕ ಓದುತ್ತಿರುವುದು ಕಥೆ ಪುಸ್ತಕವನ್ನಲ್ಲ. ಆಸ್ಪತ್ರೆಗೆ ಹೊಸ ಯಂತ್ರ ಬರಲಿದೆ. ಅದನ್ನು ನಡೆಸುವವರ ಬಳಿ ತಂತ್ರಜ್ಞರ ಸರ್ಟಿಫಿಕೇಟ್ ಇರಲೇಬೇಕು. ಅನುಭವ ಇರುವವರಿಗೆ ಒಂದೇ ಒಂದು ಅವಕಾಶ: ಬರೆಯುವ ಪರೀಕ್ಷೆ, ನೂರಕ್ಕೆ ಐವತ್ತು ಅಂಕ. ಪಾಸಾದರೆ ಯಂತ್ರ ಇವರದು, ಇಲ್ಲದಿದ್ದರೆ ಬಟ್ಟೆ ಒಗೆಯುವ ಕೋಣೆಗೆ ವರ್ಗ. ಪರೀಕ್ಷೆಯ ಕೈಪಿಡಿ ಮುನ್ನೂರ ಹನ್ನೆರಡು ಪುಟ. ಅದು ಆಸ್ಪತ್ರೆಯ ಬೀರುವಿನಿಂದ ಹೊರಬಂದು ಕೈಗೆ ಸಿಕ್ಕಾಗ ಪರೀಕ್ಷೆಗೆ ಉಳಿದದ್ದು ಅರವತ್ತು ದಿನ.

"ಮೊದಲ್ನೇ ದಿನ ರಾಶಿ ನೋಡಿ ಕಣ್ಣೀರೇ ಬಂದ್ಬಿಡ್ತು ಮೇಡಂ. ಮನೆಗೆ ಹೋಗಿ ಓದೋಣ ಅಂದ್ರೆ ಕೂತ ತಕ್ಷಣ ತೂಕಡಿಕೆ. ಆಮೇಲೆ ಲೆಕ್ಕ ಹಾಕ್ದೆ. ದಿನಕ್ಕೆ ಆರು ಸುತ್ತು. ಸುತ್ತಿಗೆ ಒಂದು ಪುಟ ಅಂದ್ರೆ ಐವತ್ತೆರಡು ದಿನ. ಅಷ್ಟೇನಾ ಅನ್ನಿಸ್ತು. ಒಂದು ಪುಟ ಯಾರು ಬೇಕಾದ್ರೂ ಓದ್ತಾರೆ!"

ಆ ಒಂದು ಪುಟದ ಹಿಂದೆ ದೊಡ್ಡ ಕಾನೂನುಕಟ್ಟಳೆಯೇ ಇದೆ. ಮೊದಲನೆಯದು, ಓದು ಸುತ್ತಿನ ಮೊದಲ ಹತ್ತು ನಿಮಿಷದಲ್ಲೇ ಮುಗಿಯಬೇಕು. "ಕೆಲಸ ಎಲ್ಲಾ ಮುಗಿಸಿ ಓದ್ತೀನಿ ಅಂದ್ಕೊಂಡ್ರೆ ಆ ‘ಎಲ್ಲಾ’ ಮುಗಿಯೋದೇ ಇಲ್ಲ. ಯಾರೋ ಬರ್ತಾರೆ, ಏನೋ ಕೇಳ್ತಾರೆ." ಓದುವುದು ನಿಂತೇ, ಮುಳ್ಳು ಕಾಣುವ ಜಾಗದಲ್ಲಿ. ಪುಟ ಮುಗಿದರೆ ವಾಕ್ಯ ಅರ್ಧದಲ್ಲಿದ್ದರೂ ನಿಲ್ಲಿಸಿಬಿಡುತ್ತಾರೆ. ಹಾಗೆ ಬಿಟ್ಟರೆ ಮುಂದಿನ ಸುತ್ತಿನವರೆಗೆ ಅದು ತಲೆಯಲ್ಲಿ ಕೊರೆಯುತ್ತಿರುತ್ತದಂತೆ, ಪುಸ್ತಕ ತೆರೆಯಲು ಸೋಮಾರಿತನ ಮಾಡುವ ಪ್ರಶ್ನೆಯೇ ಇಲ್ಲವಂತೆ. ನಾನು ಅಧ್ಯಾಯ ಮುಗಿಯುವ ಕಡೆ ನಿಲ್ಲಿಸುವವಳು. ಐದೂ ಪುಸ್ತಕಗಳು ಮೂರನೇ ಅಧ್ಯಾಯದ ಕೊನೆಗೇ ಯಾಕೆ ನಿಂತವೆಂದು ಈಗ ಅರ್ಥವಾಗುತ್ತಿದೆ.

ಒಂದೇ ಪುಟವನ್ನು ಎರಡು ಸಲ ಓದುತ್ತಾರೆ. ಮೊದಲ ಸಲ ಕಣ್ಣಲ್ಲಿ, ಎರಡನೇ ಸಲ ಕೈಯಲ್ಲಿ. ಪುಸ್ತಕ ‘ಒತ್ತಡ ಬಿಡುವ ಕವಾಟ’ ಎಂದರೆ ಇವರು ಯಂತ್ರದ ಬಳಿ ಹೋಗಿ ಅದನ್ನು ಹುಡುಕುತ್ತಾರೆ, ಸಿಕ್ಕ ಮೇಲೆ ಅದರ ಮೇಲೆ ಹೆಸರು ಬರೆದ ಚೀಟಿ ಅಂಟಿಸುತ್ತಾರೆ. ಯಂತ್ರದ ಮೈತುಂಬ ಈಗ ಚೀಟಿಗಳು. ಅದನ್ನು ಕಂಡ ಡಾಕ್ಟರೊಬ್ಬರು "ಏನಮ್ಮಾ, ಕುಕ್ಕರಿಗೆ ಸಿಡುಬು ಎದ್ದಿದೆಯಾ?" ಎಂದು ಕೇಳಿದರಂತೆ. ಇವರು "ಇಲ್ಲ ಸರ್, ನಾಮಕರಣ ನಡೀತಿದೆ" ಅಂದರಂತೆ.

ಫೋನಿನ ವಿಷಯ ಕೇಳಿದರೆ ಗಂಟಣ್ಣ ಆಚೆ ಮುಖ ಮಾಡಿ ನಗತೊಡಗುತ್ತಾರೆ. ಅಂಗೈಯಲ್ಲಿ ಫೋನಿದ್ದರೆ ಓದು ಸಾಗದೆಂದು ಕುಕ್ಕರಕ್ಕ ಅದನ್ನು ಮೂಲೆಯಲ್ಲಿದ್ದ ಖಾಲಿ ಸ್ಟೀಲ್ ಡ್ರಮ್ಮಿನೊಳಗೆ ಇಟ್ಟು ಮುಚ್ಚಳ ಹಾಕುತ್ತಿದ್ದರು. ಅದು ಗಂಟಣ್ಣನಿಗೆ ತಿಳಿಯದು. ಒಂದು ದಿನ ಅವರು ಮುಚ್ಚಳ ತೆರೆದವರೇ ಒಳಗೆ ಬಗ್ಗಿ ನೋಡದೆ ಮೇಲಿಂದ ಹತ್ತಿಯ ಉಂಡೆಗಳನ್ನು ತುಂಬಿ ಯಂತ್ರಕ್ಕೆ ಏರಿಸಿದರು. ಫೋನು ಪೂರ್ತಿ ಒಂದು ಸುತ್ತು ಬೆಂದು ಹೊರಬಂತು.

"ಅದನ್ನ ಕೈಗೆ ತಗೊಂಡಾಗ ಒಂದು ರೋಗಾಣೂ ಇರ್ಲಿಲ್ಲ ಮೇಡಂ, ಒಂದು ನಂಬರೂ ಇರ್ಲಿಲ್ಲ" ಎನ್ನುತ್ತಾರೆ ಗಂಟಣ್ಣ. "ಅಣ್ಣಾ, ಅದನ್ನ ಎಷ್ಟು ಜನಕ್ಕೆ ಹೇಳ್ತೀಯೋ!" ಎಂದು ಕುಕ್ಕರಕ್ಕ ಗದರುತ್ತಾರೆ. ಈಗಿನ ಫೋನು ದೊಡ್ಡ ಸಿಸ್ಟರ್ ಅವರ ಮೇಜಿನ ಡ್ರಾಯರಿನಲ್ಲಿರುತ್ತದೆ, ಸಂಜೆ ಹೋಗುವಾಗ ಕೈಸೇರುತ್ತದೆ.

ಇನ್ನೊಂದು ಅಭ್ಯಾಸವಿದೆ. ನನಗೆ ಎಲ್ಲಕ್ಕಿಂತ ವಿಚಿತ್ರವೆನಿಸಿದ್ದು ಅದೇ. ಕೆಲಸ ಮುಗಿಸಿ ಹೊರಡುವ ಮುನ್ನ ಕೈಗವಸಿನ ಖಾಲಿ ಡಬ್ಬಿಯಿಂದ ಒಂದು ತುಂಡು ರಟ್ಟು ಹರಿದು, ನಾಳೆ ಬಂದ ಕೂಡಲೇ ಮಾಡಬೇಕಾದ ಒಂದು ಕೆಲಸವನ್ನು ಅದರ ಮೇಲೆ ಬರೆದು ಯಂತ್ರದ ಹಿಡಿಕೆಗೆ ಸಿಗಿಸುತ್ತಾರೆ. ಒಂದೇ ಕೆಲಸ, ಒಂದೇ ಸಾಲು. ‘ಜಾಲರಿ ತೊಳೆಯುವುದು.’ ‘ಹೊಸ ಟೇಪು ಕೇಳುವುದು.’ ನಾನು ಪ್ರತಿದಿನ ಹದಿನಾರು ಕೆಲಸಗಳ ಪಟ್ಟಿ ಮಾಡುವವಳೆಂದು ಹೇಳಿದಾಗ ಅವರು ಕನಿಕರದಿಂದ ನನ್ನನ್ನು ನೋಡುತ್ತಾರೆ.

"ಪಟ್ಟಿ ಬರೆದ್ರೆ ಅರ್ಧ ಕೆಲಸ ಮುಗೀತು ಅಂತ ಮನಸ್ಸಿಗೆ ಖುಷಿ ಆಗೋಗುತ್ತೆ. ಒಂದೇ ಬರೆದ್ರೆ ತಪ್ಪಿಸ್ಕೊಳ್ಳೋಕಾಗಲ್ಲ. ಬರೆದಿಟ್ಟ ಮೇಲೆ ಮಾಡ್ದೇ ಇರೋದು ನಂಗೆ ಅಭ್ಯಾಸ ಇಲ್ಲ."

ಮನೆಯಲ್ಲಿ ಪಾಠ ಒಪ್ಪಿಸಿಕೊಳ್ಳುವವರು ಇವರ ಯಜಮಾನರು. ಟೈಲರ್. ಅಂಗಿಯ ಕಾಲರ್ ಹೊಲಿಯುತ್ತಲೇ ಹೆಂಡತಿ ಬರೆದುಕೊಂಡು ಬಂದ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರ ಸರಿಯೋ ತಪ್ಪೋ ಅವರಿಗೆ ಗೊತ್ತಾಗುವುದಿಲ್ಲ, ಆದರೆ ಉತ್ತರ ಹೇಳುವಾಗ ಹೆಂಡತಿ ಮೇಲೆ ಸೂರು ನೋಡಿದರೆ ತಪ್ಪೆಂದೇ ಲೆಕ್ಕ. "ಅವಳಿಗೆ ಗೊತ್ತಿದ್ರೆ ನನ್ನ ಮುಖ ನೋಡಿ ಹೇಳ್ತಾಳೆ. ಗೊತ್ತಿಲ್ದಿದ್ರೆ ಫ್ಯಾನ್ ನೋಡ್ತಾಳೆ" ಎನ್ನುತ್ತಾರೆ. ಈ ವಿಧಾನದಲ್ಲಿ ಇಲ್ಲಿಯವರೆಗೆ ಅವರು ಒಮ್ಮೆಯೂ ಎಡವಿಲ್ಲವಂತೆ.

ನಾನು ಮೊದಲ ಸಲ ಹೋದಾಗ ಅವರ ಓದಿನ ಹದಿನೇಳನೇ ದಿನ. ಹತ್ತು ದಿನ ಬಿಟ್ಟು, ಫೋಟೋ ತೆಗೆಯುವ ನೆಪದಲ್ಲಿ ಮತ್ತೆ ಹೋಗುತ್ತೇನೆ. ಯಂತ್ರ ಬುಸುಗುಡುತ್ತಿದೆ, ಪುಸ್ತಕ ಚೀಲದಲ್ಲಿದೆ. ಕುಕ್ಕರಕ್ಕನ ಮುಖದಲ್ಲಿ ಮೊದಲಿನ ಕಳೆಯಿಲ್ಲ. ಗಂಟಣ್ಣ ಕೂಡ ತಲೆ ತಗ್ಗಿಸಿ ಗಂಟು ಕಟ್ಟುತ್ತಿದ್ದಾರೆ. ಕೋಣೆಯ ನಡುವೆ ಇದ್ದ ಉದ್ದನೆಯ ಸ್ಟೀಲ್ ಮೇಜು ಮಾಯವಾಗಿ, ಆ ಜಾಗದಲ್ಲಿ ತಂತಿ ಹೆಣೆದ, ಗಾಲಿಯಿರುವ ಸ್ಟ್ಯಾಂಡೊಂದು ನಿಂತಿದೆ.

"ಫೋಟೋ ಬೇಡ ಮೇಡಂ. ನನ್ನ ಬಗ್ಗೆ ಬರೀಲೂಬೇಡಿ" ಎನ್ನುತ್ತಾರೆ. ಆಮೇಲೆ, ನಾನು ಕೇಳದಿದ್ದರೂ, ತಾವೇ ಹೇಳತೊಡಗುತ್ತಾರೆ.

ಇಪ್ಪತ್ತನೇ ದಿನದ ನಾಲ್ಕನೇ ಸುತ್ತು, ನೂರಾ ಹದಿನೆಂಟನೇ ಪುಟ. ಅದರಲ್ಲೊಂದು ವಾಕ್ಯವಿತ್ತು. ಯಂತ್ರದಿಂದ ತೆಗೆದ ಬಿಸಿ ಗಂಟುಗಳನ್ನು ತಣ್ಣಗಿನ ಲೋಹದ ಮೇಲೆ ಇಡಬಾರದು. ಇಟ್ಟರೆ ಅಡಿಯಲ್ಲಿ ಬೆವರು ಕಟ್ಟಿ ಬಟ್ಟೆ ಒದ್ದೆಯಾಗುತ್ತದೆ. ಒದ್ದೆಯಾದ ಬಟ್ಟೆಯ ಮೂಲಕ ರೋಗಾಣು ಒಳಗೆ ಹೋಗಬಹುದು. ಅಂಥ ಗಂಟು ಶುದ್ಧವಲ್ಲ. ಕುಕ್ಕರಕ್ಕ ತಮ್ಮ ಅಭ್ಯಾಸದಂತೆ ಎರಡನೇ ಸಲ ಕೈಯಲ್ಲಿ ಓದಲು ತಿರುಗಿದರು. ಕೈ ಹೋಗಿ ಸ್ಟೀಲ್ ಮೇಜಿನ ಮೇಲೆ ನಿಂತಿತು.

"ಹದಿನಾಲ್ಕು ವರ್ಷ ಮೇಡಂ. ದಿನಾ ಬೆಳಗಾದ್ರೆ ಅದೇ ಮೇಜಿನ ಮೇಲೆ ಸಾಲಾಗಿ ಜೋಡಿಸ್ತಿದ್ದೆ. ನನ್ಗೆ ಕೆಲಸ ಕಲ್ಸಿದ ಹಿರಿಯರು ಹಾಗೇ ಹೇಳ್ಕೊಟ್ಟಿದ್ರು, ಬೇಗ ಆರುತ್ತೆ ಅಂತ. ಮೇಜು ಫಳಫಳ ಹೊಳೀತಿತ್ತು, ನಾನೇ ದಿನಾ ಎರಡು ಸಲ ಒರೆಸ್ತಿದ್ದೆ. ಎಷ್ಟು ಚೊಕ್ಕಟವಾಗಿದೆ ಅಂತ ಹೆಮ್ಮೆ ಬೇರೆ ಪಡ್ತಿದ್ದೆ."

ಆದರೂ ಅವರು ಪುಸ್ತಕದ ಮಾತನ್ನು ಕಣ್ಣುಮುಚ್ಚಿ ನಂಬಲಿಲ್ಲ. ಆ ಸುತ್ತಿನ ಒಂದು ಗಂಟನ್ನು ಮೇಜಿನ ಮೇಲಿಟ್ಟರು. ಇನ್ನೊಂದನ್ನು ಯಂತ್ರದ ತಂತಿಯ ಬುಟ್ಟಿಯಲ್ಲೇ ಬಿಟ್ಟರು. ಅರ್ಧ ಗಂಟೆ ಕಳೆದು ಎರಡನ್ನೂ ಬಿಚ್ಚಿದರು. ಬುಟ್ಟಿಯದು ಗರಿಗರಿಯಾಗಿತ್ತು. ಮೇಜಿನ ಮೇಲಿದ್ದ ಗಂಟಿನ ಅಡಿಯಲ್ಲಿ ಅಂಗೈಯಗಲ ತೇವವಿತ್ತು.

ಅಲ್ಲಿದ್ದದ್ದು ಅವರೊಬ್ಬರೇ. ಗಂಟಣ್ಣ ಊಟಕ್ಕೆ ಹೋಗಿದ್ದರು. ಮಾರನೆಯ ದಿನದಿಂದ ಸದ್ದಿಲ್ಲದೆ ಬುಟ್ಟಿಯಲ್ಲೇ ಆರಿಸಲು ಶುರುಮಾಡಿದ್ದರೆ ಒಂದು ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಪರೀಕ್ಷೆಗೆ ಅರ್ಜಿ ಕಳಿಸಬೇಕಾದದ್ದು ಆಸ್ಪತ್ರೆಯ ಆಡಳಿತ. ಹದಿನಾಲ್ಕು ವರ್ಷ ತಪ್ಪು ಮಾಡಿದವರ ಅರ್ಜಿಯನ್ನು ಯಾರು ಕಳಿಸುತ್ತಾರೆ? ಇದೆಲ್ಲ ತಲೆಯಲ್ಲಿ ಓಡಿತೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ಅಂದು ಹೊರಡುವ ಹೊತ್ತಾಯಿತು. ಎಂದಿನಂತೆ ರಟ್ಟಿನ ತುಂಡು ಹರಿದುಕೊಂಡರು.

"‘ಜಾಲರಿ ತೊಳೆಯುವುದು’ ಅಂತ ಬರೆಯೋಕೆ ಪೆನ್ನೆತ್ತಿದೆ. ಅದು ಸುಳ್ಳು ಅನ್ನಿಸ್ತು. ನಾಳೆ ಮೊದಲು ಮಾಡ್ಬೇಕಾಗಿರೋದು ಅದಲ್ವಲ್ಲ. ಕೊನೆಗೆ ‘ದೊಡ್ಡ ಸಿಸ್ಟರಿಗೆ ಹೇಳುವುದು’ ಅಂತ ಬರೆದು ಸಿಗಿಸಿ ಮನೆಗೆ ಹೋದೆ. ರಾತ್ರಿ ಊಟ ಸೇರ್ಲಿಲ್ಲ. ಬೆಳಿಗ್ಗೆ ಬಂದ್ರೆ ನನ್ನ ಅಕ್ಷರ ನನ್ನನ್ನೇ ನೋಡ್ತಿತ್ತು."

ಹೇಳಿದರು. ದೊಡ್ಡ ಸಿಸ್ಟರ್ ಕೆಳಗಿಳಿದು ಬಂದು, ಎರಡು ಗಂಟುಗಳ ಪರೀಕ್ಷೆಯನ್ನು ತಮ್ಮ ಕಣ್ಣೆದುರು ಇನ್ನೊಮ್ಮೆ ಮಾಡಿಸಿ, ಒದ್ದೆ ಬಟ್ಟೆಯನ್ನು ಮುಟ್ಟಿ ನೋಡಿ ಮೇಲೆ ಹೋದರಂತೆ. ಮಧ್ಯಾಹ್ನದೊಳಗೆ ಮೇಜು ಹೊರಗೆ ಹೋಯಿತು. ಎರಡು ದಿನಕ್ಕೆ ಆಡಳಿತದಿಂದ ಕಾಗದ ಬಂತು: ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂಬುದಕ್ಕೆ ಲಿಖಿತ ವಿವರಣೆ ಕೊಡಿ. ವಿಚಾರಣೆ ಮುಗಿಯುವವರೆಗೆ ಪರೀಕ್ಷೆಯ ಅರ್ಜಿ ಕಳಿಸಲಾಗದು.

"ಇನ್ನೂ ಓದ್ತಿದೀರಾ?" ಎಂದು ಕೇಳುತ್ತೇನೆ. ಕೇಳಿದ ಮೇಲೆ ಕೇಳಬಾರದಿತ್ತು ಎನಿಸುತ್ತದೆ. ಅವರಿಗೆ ಅದು ಸಹಜವಾದ ಪ್ರಶ್ನೆಯೇ. "ಓದ್ತಿದೀನಿ. ನೂರಾ ಅರವತ್ತಕ್ಕೆ ಬಂದಿದೀನಿ. ಪರೀಕ್ಷೆ ಕೊಡ್ಲಿ ಬಿಡ್ಲಿ, ಇನ್ನೂ ಎಲ್ಲೆಲ್ಲಿ ಏನೇನ್ ತಪ್ಪು ಮಾಡ್ತಿದೀನಿ ಅಂತ ಗೊತ್ತಾಗ್ಬೇಕಲ್ವಾ ಮೇಡಂ?"

ನಾನು ಮೇಲಿನ ಮಹಡಿಗೆ ಹೋಗಿ ದೊಡ್ಡ ಸಿಸ್ಟರನ್ನು ಕಾಣುತ್ತೇನೆ. ಅವರು ಕಳೆದ ಎರಡು ವರ್ಷಗಳ ಆಪರೇಷನ್ ದಾಖಲೆಗಳನ್ನೆಲ್ಲ ಹಾಸಿಕೊಂಡು ಕೂತಿದ್ದಾರೆ. ಒದ್ದೆ ಗಂಟಿನಿಂದಲೇ ಸೋಂಕಾಯಿತು ಎನ್ನಬಹುದಾದ ಪ್ರಕರಣ ಅವರಿಗೆ ಸಿಕ್ಕಿಲ್ಲ. ಅದಕ್ಕಿಂತ ಹಿಂದಿನ ದಾಖಲೆಗಳಲ್ಲಿ ಅಷ್ಟು ವಿವರವೇ ಇಲ್ಲ. "ಆ ಮೇಜು ಹಾಕಿದ್ದು ಆಸ್ಪತ್ರೆ. ಕೈಪಿಡಿ ಹದಿನಾಲ್ಕು ವರ್ಷ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೂ ಆಸ್ಪತ್ರೆ. ನಾನೂ ದಿನಾ ಆ ಕೋಣೆಗೆ ಹೋಗಿ ಬರ್ತಿದ್ದೆ, ನನಗೂ ಹೊಳೀಲಿಲ್ಲ" ಎನ್ನುತ್ತಾರೆ. "ಹೇಳಿದವರನ್ನೇ ಮೂಲೆಗೆ ತಳ್ಳಿದ್ರೆ ನಾಳೆ ಇನ್ಯಾರು ಬಾಯಿ ಬಿಡ್ತಾರೆ? ಅದನ್ನೇ ಆಡಳಿತಕ್ಕೆ ಬರೆದುಕೊಟ್ಟಿದೀನಿ. ಅರ್ಜಿಗೆ ನಾನು ಸಹಿ ಹಾಕ್ತೀನಿ, ವಿವರಣೆ ನನ್ನನ್ನೂ ಕೇಳಿ ಅಂತ."

ಆಡಳಿತ ಕೊನೆಗೂ ಮಣಿಯಿತು. ಕುಕ್ಕರಕ್ಕನ ಕಡತಕ್ಕೊಂದು ಎಚ್ಚರಿಕೆಯ ಕಾಗದ ಸೇರಿಸಿ, ಕೊನೆಯ ದಿನಾಂಕಕ್ಕೆ ಒಂದು ದಿನ ಮೊದಲು ಅರ್ಜಿ ಕಳಿಸಿತು. ಕುಕ್ಕರಕ್ಕ ಐವತ್ತೆರಡನೇ ದಿನದ ಆರನೇ ಸುತ್ತಿನಲ್ಲಿ ಮುನ್ನೂರ ಹನ್ನೆರಡನೇ ಪುಟ ಮುಗಿಸಿದರು. ಗಂಟಣ್ಣ ಚಪ್ಪಾಳೆ ತಟ್ಟಿದರಂತೆ, ಅದಕ್ಕೆ "ಮುಳ್ಳು ನೋಡಣ್ಣ ಮೊದ್ಲು" ಎಂದು ಬೈಸಿಕೊಂಡರಂತೆ.

ಪರೀಕ್ಷೆಯ ಹಾಲಿನಲ್ಲಿ ನಡೆದದ್ದನ್ನು ಅವರ ಬಾಯಲ್ಲೇ ಕೇಳಬೇಕು. ಮೂವತ್ತು ಜನ, ಹೆಚ್ಚಿನವರು ಇವರ ಅರ್ಧ ವಯಸ್ಸಿನವರು. ಪ್ರಶ್ನೆಪತ್ರಿಕೆ ಕೈಗೆ ಬಂದದ್ದೇ ತಲೆ ಖಾಲಿ. ಓದಿದ್ದೆಲ್ಲ ಕೈಯಲ್ಲಿ ಕೂತಿದೆ, ಕೈ ಇಡಲು ಎದುರಿಗೆ ಯಂತ್ರವಿಲ್ಲ. ಬೇರೆ ದಾರಿ ಕಾಣದೆ ಕಣ್ಣು ಮುಚ್ಚಿ, ಎರಡೂ ಕೈಗಳನ್ನು ಗಾಳಿಯಲ್ಲಿ ಚಾಚಿ ಇಲ್ಲದ ಹಿಡಿಕೆಯನ್ನು ತಿರುಗಿಸತೊಡಗಿದರು. ಮೇಲ್ವಿಚಾರಕರು ಗಾಬರಿಯಾಗಿ ಓಡಿ ಬಂದರು.

"‘ಅಮ್ಮಾ, ಹುಷಾರಾಗಿದೀರಾ? ಏನ್ ಮಾಡ್ತಿದೀರಿ?’ ಅಂದ್ರು. ‘ಬಾಗಿಲು ಹಾಕ್ತಿದೀನಿ ಸರ್, ಒಂದ್ನಿಮಿಷ’ ಅಂದೆ. ಅವ್ರು ತಿರುಗಿ ಹಾಲಿನ ಬಾಗಿಲು ನೋಡಿದ್ರು. ಅದು ಹಾಕೇ ಇತ್ತು!"

ಆಮೇಲೆ ಅವರು ಯಾರನ್ನೂ ಲೆಕ್ಕಿಸಲಿಲ್ಲ. ಗಾಳಿಯಲ್ಲಿ ಬಾಗಿಲು ಹಾಕಿದರು, ಕವಾಟ ತೆರೆದರು, ಮುಳ್ಳು ನೋಡಿದರು, ಒಂದೊಂದನ್ನೇ ಬರೆದರು. ಆರು ವಾರಕ್ಕೆ ಫಲಿತಾಂಶ ಬಂತು. ಅರವತ್ತೊಂದು ಅಂಕ. ಕಾಗದವನ್ನು ಮೊದಲು ಓದಿದ ಯಜಮಾನರು ಹೊಲಿಗೆ ಯಂತ್ರದ ಮುಂದೆ ಕೂತೇ ಬಿಕ್ಕಿ ಬಿಕ್ಕಿ ಅತ್ತರಂತೆ. ಅದನ್ನು ಹೇಳುವಾಗ ಕುಕ್ಕರಕ್ಕನ ದನಿಯೂ ಒದ್ದೆಯಾಗುತ್ತದೆ. ಇವರು ಪಾಸಾಗಲಿ ಎಂದು ಇಷ್ಟು ದಿನ ಒಳಗೊಳಗೇ ಎಷ್ಟು ಹಾರೈಸಿದ್ದೆನೆಂದು ನನಗೇ ಗೊತ್ತಿರಲಿಲ್ಲ. ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಮತ್ತೊಮ್ಮೆ ಕೇಳುತ್ತೇನೆ. "ಬರೀರಿ. ಆದ್ರೆ ತಪ್ಪು ಬಿಟ್ಟು ಬರೀಬೇಡಿ" ಎನ್ನುತ್ತಾರೆ.

ಪಾಸಾದ ಖುಷಿ ಎಲ್ಲವನ್ನೂ ತೊಳೆದುಬಿಡಲಿಲ್ಲ. "ಸಿಸ್ಟರ್ ಹೇಳಿದ್ದು ಯಾರಿಗೂ ಏನೂ ಆಗಿಲ್ಲ ಅಂತಲ್ಲ ಮೇಡಂ, ಗೊತ್ತಿಲ್ಲ ಅಂತ. ಎರಡಕ್ಕೂ ವ್ಯತ್ಯಾಸ ಇದೆ. ಒಂದೊಂದ್ಸಲ ಬಸ್ಸಲ್ಲಿ ಯಾರಾದ್ರೂ ಹೊಟ್ಟೆ ಹಿಡ್ಕೊಂಡು ಕೂತಿದ್ರೆ ಇವರು ನಮ್ಮ ಆಸ್ಪತ್ರೇಲಿ ಇದ್ರೇನೋ ಅನ್ಸುತ್ತೆ." ನನ್ನಿಂದ ಸಮಾಧಾನದ ಮಾತನ್ನು ಅವರು ನಿರೀಕ್ಷಿಸುತ್ತಲೂ ಇಲ್ಲ, ಎದ್ದು ಹೋಗಿ ಮುಳ್ಳು ನೋಡಿ ಬರುತ್ತಾರೆ.

ಹೊಸ ಯಂತ್ರ ಬಂದು ಇಂದಿಗೆ ಹನ್ನೊಂದು ದಿನ. ಅದು ಕೆಲಸವನ್ನು ಮೊದಲಿನದಕ್ಕಿಂತ ಬೇಗ ಮುಗಿಸುತ್ತದೆ. ಇನ್ನು ಓದಲು ಸಮಯ ಎಲ್ಲಿ ಎಂದರೆ, ಗಂಟುಗಳು ಆರುವ ಹೊತ್ತಿನಲ್ಲಿ ಹತ್ತು ನಿಮಿಷ ಸಿಗುತ್ತದೆಂದು ಎರಡನೇ ದಿನವೇ ಕಂಡುಹಿಡಿದಿದ್ದಾರೆ. ಇನ್ನು ಮುಂದೆ ಏನು ಓದುವುದೆಂದು ತೀರ್ಮಾನವಾಗಿಲ್ಲ. ಯಜಮಾನರು ಕಥೆ ಪುಸ್ತಕ ಎನ್ನುತ್ತಾರೆ, ಗಂಟಣ್ಣ ಹೊಸ ಯಂತ್ರದ ಪುಸ್ತಕ ಎನ್ನುತ್ತಾರೆ. ನನ್ನ ಐದು ಪುಸ್ತಕಗಳನ್ನು ಕೊಡಲು ಹೋಗಿ ನಗೆಪಾಟಲಾಗಿದ್ದೇನೆ.

ಇವತ್ತು ಬೆಳಗಿನ ಮೊದಲ ಸುತ್ತಿಗೆ ಕೋಣೆಯಲ್ಲಿ ಇನ್ನಿಬ್ಬರು ಹೆಂಗಸರಿದ್ದಾರೆ. ಬಟ್ಟೆ ಒಗೆಯುವ ಕೋಣೆಯಿಂದ ಕೆಲಸ ಕಲಿಯಲು ಬಂದವರು, ಒಬ್ಬರು ಕುಕ್ಕರಕ್ಕನಿಗಿಂತ ಹಿರಿಯರು. ಅವರಿಗೆ ಕಲಿಸುವ ಹೊಣೆಯನ್ನು ದೊಡ್ಡ ಸಿಸ್ಟರ್ ಇವರ ಹೆಗಲಿಗೇರಿಸಿದ್ದಾರೆ. ಕೈಪಿಡಿಯ ಎರಡು ಪ್ರತಿಗಳು ಬೀರುವಿನಿಂದ ಹೊರಬಂದಿವೆ. ಹಿರಿಯ ಹೆಂಗಸು ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಭಯಭಕ್ತಿಯಿಂದ ಮೊದಲನೇ ಪುಟ ತೆರೆಯುತ್ತಾರೆ.

"ಅಲ್ಲಿಂದ ಬೇಡ ಅಕ್ಕಾ" ಎನ್ನುತ್ತಾರೆ ಕುಕ್ಕರಕ್ಕ. "ನೂರಾ ಹದಿನೆಂಟು ತೆಗೀರಿ. ನಾನು ಹದಿನಾಲ್ಕು ವರ್ಷ ಯಾವ ತಪ್ಪು ಮಾಡ್ದೆ ಅಂತ ಅಲ್ಲಿದೆ. ಮೊದಲು ಅದನ್ನ ಓದೋಣ."